ಏಕಾಂತಕ್ಕೆ ಇಬ್ಬರು ಬೇಕು

ಸುರಪುರದ ಕಡೆ ಯಾರಾದರೂ ಕಟ್ಟೆಯ ಮೇಲೆ ಒಬ್ಬರೇ ಸುಮ್ಮನೆ ಕೂತರೆ ದಾರಿಹೋಕರು ಬಿಡುವುದಿಲ್ಲ. ‘ಯಾಕ್ರೀ, ಒಬ್ರಾ ಕುಂತೀರಿ?’ ಎಂದು ಕೇಳಿಯೇ ಮುಂದೆ ಹೋಗುವುದು. ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಕಾಳಜಿ ಹೆಚ್ಚು. ಒಬ್ಬರೇ ಕೂತವರಿಗೆ ಏನೋ ಆಗಿರಬೇಕು, ಮನೆಯಲ್ಲಿ ಜಗಳವೋ, ಮೈಯಲ್ಲಿ ಜಡ್ಡೋ. ಅದೇ ಜನ ‘ನಿಮ್ಮ ಕೂಡ ಏಕಾಂತದಾಗ ಮಾತಾಡೋದದ’ ಎಂದರೆ ಅರ್ಥ ಬೇರೆ. ಆಗ ಇಬ್ಬರು ಗುಂಪಿನಿಂದ ಎದ್ದು ಬೇವಿನ ಮರದ ಆಚೆಗೆ ಹೋಗುತ್ತಾರೆ.

ಶಬ್ದಾರ್ಥದಲ್ಲಿ ‘ಏಕ’ ಇದ್ದರೂ ನಮ್ಮ ಬಳಕೆಯ ಏಕಾಂತದಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ. ರಾಜ ಮಂತ್ರಿಯನ್ನು ಏಕಾಂತಕ್ಕೆ ಕರೆಯುತ್ತಾನೆ. ಗುಡಿಯಲ್ಲಿ ದಿನದ ಕೊನೆಗೆ ದೇವರನ್ನು ಮಲಗಿಸುವ ಪೂಜೆಗೆ ಏಕಾಂತ ಸೇವೆ ಎನ್ನುತ್ತಾರೆ. ಕಲಬುರಗಿ ಜಿಲ್ಲೆಯ ಆಳಂದದ ರಾಮಯ್ಯನಿಗೆ ‘ಏಕಾಂತದ’ ಎಂಬ ವಿಶೇಷಣ ಅಂಟಿಕೊಂಡದ್ದು ಶಿವನ ಜೊತೆಗಿನ ಅವನ ಏಕನಿಷ್ಠೆಯಿಂದ. ಒಂಟಿತನದಲ್ಲಿ ಇರುವುದು ಒಬ್ಬರೇ, ಏಕಾಂತದಲ್ಲಿ ಎದುರಿಗೆ ಇನ್ನೊಬ್ಬರು. ಕನ್ನಡ ಯಾವ ತತ್ತ್ವಶಾಸ್ತ್ರಿಯನ್ನೂ ಕೇಳದೆ ಈ ವ್ಯತ್ಯಾಸವನ್ನು ಮಾಡಿಟ್ಟುಕೊಂಡಿದೆ. ಹಾಗಾದರೆ ಬಾಗಿಲು ಹಾಕಿಕೊಂಡು ಒಬ್ಬನೇ ಕೂತವನಿಗೆ ಆ ಇನ್ನೊಬ್ಬ ಯಾರು?

ಈ ಪ್ರಶ್ನೆಗೆ ಪಶ್ಚಿಮದಲ್ಲಿ ಸಿಕ್ಕ ಉತ್ತರಗಳಲ್ಲಿ ಹೆಚ್ಚು ಹೆಸರಾದದ್ದು ಫ್ರಾನ್ಸಿನ ಒಂದು ಹಳ್ಳಿಯದು. 1571ರಲ್ಲಿ, ಮೂವತ್ತೆಂಟು ತುಂಬಿದ ದಿನ, ಮಿಷೆಲ್ ದ ಮೊಂಟೇನ್ ಕೋರ್ಟು ಕಚೇರಿಗಳಿಗೆ ಕೈಮುಗಿದು ಬೋರ್ಡೊ ನಗರದ ಆಚೆಗಿದ್ದ ತನ್ನ ಜಮೀನಿಗೆ ಮರಳಿದ. ಅಲ್ಲೊಂದು ದುಂಡನೆಯ ಗೋಪುರ. ಕೆಳಗೆ ಪ್ರಾರ್ಥನೆಯ ಕೋಣೆ, ನಡುವೆ ಮಲಗುವ ಕೋಣೆ, ಮೇಲೆ ಸಾವಿರದಷ್ಟು ಪುಸ್ತಕ. ತೊಲೆಗಳ ಮೇಲೆ ಗ್ರೀಕ್, ಲ್ಯಾಟಿನ್ ವಾಕ್ಯಗಳನ್ನು ಬರೆಸಿದ. ಮನಸ್ಸು ಇನ್ನು ನೆಮ್ಮದಿಯಾಗಿ ಕೂತುಕೊಳ್ಳುತ್ತದೆ ಎಂದುಕೊಂಡರೆ ಅದು ಹಗ್ಗ ಬಿಚ್ಚಿದ ಕುದುರೆಯಂತೆ ಓಡತೊಡಗಿತು, ಚಿತ್ರವಿಚಿತ್ರ ಕಲ್ಪನೆಗಳನ್ನು ಹೆರತೊಡಗಿತು. ಅವಕ್ಕೆ ನಾಚಿಕೆಯಾಗಲಿ ಎಂದು ಅವನ್ನೆಲ್ಲ ಬರೆದಿಡಲು ಶುರು ಮಾಡಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ನಾವಿಂದು ‘ಪ್ರಬಂಧ’ ಎನ್ನುವ ಪ್ರಕಾರ ಹುಟ್ಟಿದ್ದು ಹಾಗೆ.

ಹಳ್ಳಿಯ ಮೌನ ಎಂದರೆ ಸದ್ದಿಲ್ಲದ ಜಾಗ ಎಂದು ಭಾವಿಸುವವರಿಗೆ ಇನ್ನೊಂದು ಸಂಗತಿ: ಆ ಗೋಪುರದಲ್ಲಿ ಬೆಳಗು ಬೈಗು ಹೊಡೆಯುತ್ತಿದ್ದ ದೊಡ್ಡ ಗಂಟೆಗೆ ಕಟ್ಟಡವೇ ನಡುಗುತ್ತಿತ್ತು. ಮೊದಮೊದಲು ಸಹಿಸಲಾಗದ ಆ ಸದ್ದು ಬರಬರುತ್ತಾ ಅವನಿಗೆ ರೂಢಿಯಾಯಿತು. ಸುತ್ತಲಿನ ಸೀಮೆಯಲ್ಲಿ ಕ್ರೈಸ್ತ ಪಂಗಡಗಳ ನಡುವೆ ಯುದ್ಧ ನಡೆದಿತ್ತು. ಹತ್ತು ವರ್ಷ ಕಳೆಯುತ್ತಲೇ ಊರಿನವರು ಅವನನ್ನು ಬೋರ್ಡೊದ ಮೇಯರ್ ಮಾಡಿ ಎಳೆದೊಯ್ದರು. ಆದರೂ ಏಕಾಂತದ ಬಗ್ಗೆ ಅವನು ಕೊಟ್ಟ ರೂಪಕ ಉಳಿಯಿತು, ಅಂಗಡಿಯ ಹಿಂದಿನ ಖೋಲಿ. ಹೆಂಡತಿ, ಮಕ್ಕಳು, ಆಸ್ತಿ ಎಲ್ಲ ಇರಲಿ, ಆದರೆ ಪೂರ್ತಿ ನಮ್ಮದೇ ಆದ ಒಂದು ಹಿಂಗೋಣೆಯೂ ಇರಲಿ, ಅಲ್ಲಿ ನಮ್ಮ ಜೊತೆ ನಾವೇ ಮಾತಾಡೋಣ ಎನ್ನುತ್ತಾನೆ. ಯಾದಗಿರಿಯ ಹಳೆಯ ಕಿರಾಣಿ ಅಂಗಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ತಕ್ಕಡಿ, ಗಿರಾಕಿ, ಉದ್ರಿ. ಹಿಂದೆ ಲೆಕ್ಕದ ಪುಸ್ತಕ ತೆರೆದಿಟ್ಟ ಕತ್ತಲೆ ಖೋಲಿ. ಹಿಂದಿನದು ಇಲ್ಲದೆ ಮುಂದಿನದು ನಡೆಯದು. ಎದುರಿಗೆ ಅಂಗಡಿಯೇ ಇಲ್ಲದಿದ್ದರೆ ಹಿಂದಿನ ಖೋಲಿ ಬರೀ ಖಾಲಿ ಖೋಲಿ.

ಇಪ್ಪತ್ತನೆಯ ಶತಮಾನದಲ್ಲಿ ಹಾನಾ ಅರೆಂಟ್ ಇದನ್ನು ಇನ್ನಷ್ಟು ನಿಖರಗೊಳಿಸಿದರು. ಯೋಚಿಸುವುದೆಂದರೆ ನಾನು ಮತ್ತು ನನ್ನೊಳಗಿನ ನಾನು ಮಾತಾಡುವುದು. ಏಕಾಂತದಲ್ಲಿರುವವನು ಒಬ್ಬನಾಗಿದ್ದೂ ಇಬ್ಬರು. ಆ ಒಳಗಿನವನೂ ಕೈಬಿಟ್ಟು ಹೋದಾಗ ಆಗುವುದು ಒಂಟಿತನ, ಅದು ಜಾತ್ರೆಯ ನಡುವೆಯೂ ಬರಬಹುದು. ಗೀತೆ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನದ ಲಕ್ಷಣಗಳನ್ನು ಹೇಳುವಾಗ ‘ವಿವಿಕ್ತದೇಶಸೇವಿತ್ವ’ವನ್ನು, ಅಂದರೆ ಜನರಿಲ್ಲದ ಜಾಗದ ಸೇವನೆಯನ್ನು ಸೇರಿಸುತ್ತದೆ. ಅಲ್ಲೂ ಯೋಗಿಯ ಎದುರಿಗೆ ಒಬ್ಬನಿದ್ದಾನೆ, ಆ ಅಧ್ಯಾಯದುದ್ದಕ್ಕೂ ಮಾತು ಅವನದೇ.

ನಮ್ಮ ಸೀಮೆಯ ಉತ್ತರ ಇವೆಲ್ಲಕ್ಕಿಂತ ಖಾರವಾಗಿದೆ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ, ವಚನಕಾರರಲ್ಲಿ ತೀರಾ ಹಿಂದಿನವರ ಸಾಲಿನವನು, ಕಾಡಿನಲ್ಲಿ ಕೂತು ಮೈ ದಂಡಿಸಿ ತಪಸ್ಸು ಮಾಡುತ್ತಿದ್ದನಂತೆ. ರಾಮನಾಥ ಪ್ರತ್ಯಕ್ಷನಾದ. ವರ ಕೊಟ್ಟು ಮಾಯವಾಗುವ ದೇವರು ಅವನಾಗಿರಲಿಲ್ಲ. ದೇಹವನ್ನು ಯಾಕೆ ಹಿಂಸಿಸುತ್ತೀ, ಊರಿಗೆ ಹೋಗಿ ಕೆಲಸ ಮಾಡು, ಅದೂ ನನ್ನ ಪೂಜೆಯೇ ಎಂದ. ದಾಸಿಮಯ್ಯ ಕಾಡು ಬಿಟ್ಟು ಮಗ್ಗಕ್ಕೆ ಕೂತ, ದುಗ್ಗಳೆಯನ್ನು ಮದುವೆಯಾದ. ಐತಿಹ್ಯವೇ ಇರಬಹುದು, ಆದರೆ ಇದನ್ನು ಕಟ್ಟಿದ ಜನರ ತಿಳಿವಳಿಕೆ ನೋಡಿ. ಏಕಾಂತದಲ್ಲಿ ಎದುರಾದ ಆ ಇನ್ನೊಬ್ಬ ಹೇಳಿದ ಮೊದಲ ಮಾತೇ ‘ಮನೆಗೆ ಹೋಗು’. ಮಗ್ಗದ ಕೆಲಸ ಬಲ್ಲವರಿಗೆ ಗೊತ್ತು, ಲಾಳಿ ಓಡುವಾಗ ಕೈಗೆ ಪುರಸೊತ್ತಿರುವುದಿಲ್ಲ, ಒಳಗಿನ ಮಾತಿಗೆ ಇರುತ್ತದೆ. ಮೊಂಟೇನ್ ಗೋಪುರ ಹತ್ತಿ ಹುಡುಕಿದ್ದನ್ನು ದಾಸಿಮಯ್ಯನಿಗೆ ನೆಲದ ಮೇಲಿನ ಕುಣಿಮಗ್ಗ ಕೊಟ್ಟಿತೆಂದು ನನ್ನ ನಂಬಿಕೆ. ತಪ್ಪೆನ್ನುವ ವಿರಕ್ತರು ಇದ್ದಾರು.

ಈ ಸೀಮೆಗೆ ಗೋಪುರದಂಥ ಮನೆಯೂ ಬಂತು. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಹದಿನೈದರ ವಯಸ್ಸಿನಲ್ಲಿ ಭಾರತಕ್ಕೆ ಬಂದು ನಿಜಾಮನ ಸೇನೆ ಸೇರಿದವನು. ಠಕ್ಕರ ಕುರಿತ 1839ರ ಕಾದಂಬರಿ ಇಂಗ್ಲೆಂಡಿನಲ್ಲಿ ಅವನಿಗೆ ಹೆಸರು ತಂದಿತು, ಮರುವರ್ಷ ಟಿಪ್ಪುವಿನ ಮೇಲೆ ಇನ್ನೊಂದು ಬಂತು. 1840ರ ದಶಕದ ಆರಂಭದಲ್ಲಿ, ಪಟ್ಟದ ಹುಡುಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕವನಿದ್ದಾಗ, ಟೇಲರ್ ಆಡಳಿತ ನೋಡಿಕೊಳ್ಳಲು ಸುರಪುರಕ್ಕೆ ಬಂದ. 1844ರಲ್ಲಿ ಹೆಂಡತಿ ತೀರಿಕೊಂಡಳು. ಗುಡ್ಡದ ಮೇಲೆ ಮನೆ, ಸುತ್ತ ಬಂಡೆ, ಇಂಗ್ಲಿಷ್ ಮಾತಾಡುವವರು ಹತ್ತಿರದಲ್ಲಿ ಅಪರೂಪ. ಬರಹಗಾರನಿಗೆ ಇನ್ನೇನು ಬೇಕು?

ಆದರೆ ಟಿಪ್ಪು ಕಾದಂಬರಿಯ ನಂತರ ಅವನ ಮುಂದಿನ ಕಾದಂಬರಿ ‘ತಾರಾ’ ಪ್ರಕಟವಾದದ್ದು 1863ರಲ್ಲಿ. 1853ರವರೆಗಿನ ಸುರಪುರದ ವರ್ಷಗಳೆಲ್ಲ ಆ ಖಾಲಿ ಅವಧಿಯ ಒಳಗೇ ಬಿದ್ದಿವೆ. ಆಗ ಅವನು ಕಂದಾಯದ ಲೆಕ್ಕ ನೋಡಿದ, ಭೂಮಾಪನ ಕಲಿತ, ರಾಜಮಾತೆ ಈಶ್ವರಮ್ಮನ ಜೊತೆ ಜಟಾಪಟಿ ಮಾಡಿದ, ಪತ್ರಿಕೆಗೆ ವರದಿ ಬರೆದ, ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳನ್ನು ಅಳೆದ. ಆ ಕಲ್ಲುಗಳ ಮೇಲೆ ಅವನು ಬರೆದದ್ದನ್ನು ಪುರಾತತ್ತ್ವದವರು ಇಂದಿಗೂ ನೆನೆಯುತ್ತಾರೆ. ಅಂಗಡಿಯ ಮುಂಭಾಗದಲ್ಲೇ ದಿನ ಮುಗಿಯುತ್ತಿತ್ತು ಅನ್ನಿ. ಹುಡುಗ ರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ.

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯುವವರಿದ್ದಾರೆ. ಹತ್ತಿರ ಹೋದರೆ ಹಣೆ, ಮೂಗು, ಎದೆ ಎಲ್ಲ ಬೇರೆಬೇರೆ ಗುಡ್ಡಗಳಾಗಿ ಬಿಡಿಬಿಡಿಯಾಗುತ್ತವೆ. ಬುದ್ಧ ಕಾಣಬೇಕಾದರೆ ಹಿಂದಕ್ಕೆ ಬರಬೇಕು. ಟೇಲರನಿಗೂ ಸುರಪುರ ಹಾಗೆಯೇ ಕಂಡಿತೆನ್ನಬಹುದು, ಬಿಟ್ಟುಹೋದ ಮೇಲೆ.

ಬಿಟ್ಟುಹೋದ ಮೇಲಿನ ಕಥೆ ಸಲೀಸಾಗಿಯೇನೂ ಇರಲಿಲ್ಲ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೋತ, ಸೆರೆಯಾದ. ಸಿಕಂದರಾಬಾದಿನ ಸೆರೆಯಲ್ಲಿ ಟೇಲರ್ ಅವನನ್ನು ಕಂಡ. ಮರಣದಂಡನೆ ಇಳಿದು ಕೆಲವು ವರ್ಷಗಳ ಸೆರೆಯಾಯಿತು, ಆದರೆ ಚೆಂಗಲ್‌ಪಟ್ಟಿಗೆ ಸಾಗಿಸುವ ದಾರಿಯಲ್ಲೇ ಗುಂಡು ತಗಲಿ ರಾಜ ಸತ್ತ. ಆತ್ಮಹತ್ಯೆ ಎಂದು ಸರಕಾರದವರು ಬರೆದುಕೊಂಡರು. ಆಳುವ ಸರಕಾರದ ಅಧಿಕಾರಿಯೂ ‘ಅಪ್ಪಾ’ ಎಂದು ಕರೆಸಿಕೊಂಡವನೂ ಒಂದೇ ದೇಹದಲ್ಲಿದ್ದವನಿಗೆ ಒಳಗಿನ ಮಾತುಕತೆ ಹೇಗಿದ್ದೀತು? ಏಕಾಂತ ಎಂದರೆ ಹಕ್ಕಿಯುಲಿ, ಬಿಸಿ ಚಹಾ ಎಂದು ಮಾರುವವರು ಈ ಬಗೆಯ ಏಕಾಂತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಳಗಿನವನು ಯಾವಾಗಲೂ ಸ್ನೇಹಿತನಾಗಿಯೇ ಬರುತ್ತಾನೆಂದಿಲ್ಲ, ಸಾಕ್ಷಿ ಹೇಳಲೂ ಬರುತ್ತಾನೆ.

1860ರಲ್ಲಿ ನಿವೃತ್ತನಾಗಿ ಟೇಲರ್ ಡಬ್ಲಿನ್ ಬಳಿ ನೆಲೆಸಿದ. ಕಾದಂಬರಿಗಳು ಮತ್ತೆ ಬರತೊಡಗಿದ್ದು ಅಲ್ಲಿಂದ. ಕೊನೆಗೆ ಕಣ್ಣು ಮಂಜಾದವು. 1875ರಲ್ಲಿ ಮತ್ತೆ ಭಾರತಕ್ಕೆ ಬಂದವನು ಜ್ವರ ಹಿಡಿದು ಹಿಂದಿರುಗುವಾಗ, 1876ರ ಮೇ 13ರಂದು, ಫ್ರಾನ್ಸಿನ ಕಡಲತಡಿಯ ಮೆಂಟನ್‌ನಲ್ಲಿ ತೀರಿಕೊಂಡ. ಚಾಂದಬೀಬಿಯ ಮೇಲಿನ ಅವನ ಕಡೆಯ ಕಾದಂಬರಿ ಅಚ್ಚಾಗುವಾಗ ಅವನು ಸತ್ತು ಎರಡು ವರ್ಷವಾಗಿತ್ತು. ಅದರೊಳಗೆ ಬೇಡರಿದ್ದಾರೆ, ಜಲದುರ್ಗವಿದೆ, ಬಂಡೆಗಳ ನಡುವೆ ಹರಿಯುವ ಕೃಷ್ಣೆಯಿದ್ದಾಳೆ.