ಜಾಲಿ ಮರದ ಬಿರುಕು

ಬಳ್ಳಾರಿ ಜಾಲಿಯನ್ನು ನಮ್ಮ ಕಡೆ ಯಾರೂ ಮರ ಅಂತ ಲೆಕ್ಕಕ್ಕೆ ಇಟ್ಕೊಳ್ಳೋದಿಲ್ಲ. ಪಾವಗಡ, ಶಿರಾ, ಮಧುಗಿರಿ ಸೀಮೆಯಲ್ಲಿ ಅದು ಬೇಲಿ, ಸೌದೆ, ಇದ್ದಿಲು, ಇಲ್ಲಾಂದ್ರೆ ಕಾಲಿಗೆ ಹೊಕ್ಕ ಮುಳ್ಳು. ಕೆರೆಯಂಗಳಕ್ಕೆ ನುಗ್ಗಿದರೆ ಜೆಸಿಬಿ ತರಿಸಬೇಕು. ಇದರ ಹತ್ತಿರದ ನೆಂಟ, ಅಮೆರಿಕದ ಅರಿಜೋನಾದ ಮೆಸ್ಕೀಟ್ ಮರಕ್ಕೆ ಮಾತ್ರ ಬೇರೆಯೇ ಮರ್ಯಾದೆ. ಅಲ್ಲಿನ ಬಡಗಿಗಳು ಅದರ ಹಲಗೆಯಲ್ಲಿ ಮರಳುಗಾಡಿನ ಗುಡ್ಡ, ಕಳ್ಳಿಗಿಡ ಕೆತ್ತುತ್ತಾರೆ. ಮರದಲ್ಲಿ ತಾನಾಗಿ ಬಿಟ್ಟ ಬಿರುಕಿಗೆ ಟರ್ಕಾಯ್ಸ್ ಎಂಬ ಹಸಿರು-ನೀಲಿ ಕಲ್ಲಿನ ಚೂರು ತುಂಬಿ, ಅಂಟು ಬಿಟ್ಟು, ಉಜ್ಜಿ ನುಣುಪು ಮಾಡುತ್ತಾರೆ. ಆ ಕಲ್ಲು ಸಿಗುವುದೂ ಅದೇ ಮರಳುಗಾಡಿನಲ್ಲಿ.

ನಮ್ಮ ಮೈಸೂರು ಇನ್ಲೇ ಇದಕ್ಕೆ ಉಲ್ಟಾ. 2005ರಲ್ಲಿ ಜಿಐ ಟ್ಯಾಗ್ ಸಿಕ್ಕ ಆ ಕೆಲಸಕ್ಕೆ ಬೇಕಾದದ್ದು ಒಳ್ಳೇ ಬೀಟೆ ಮರ. ಹಿಂದೆ ಅದರಲ್ಲಿ ತೋಡಿ ಆನೆದಂತ ಕೂರಿಸುತ್ತಿದ್ದರು. ಅಲ್ಲಿ ಬಿರುಕು ಬಿಟ್ಟ ಹಲಗೆ ಪಕ್ಕಕ್ಕೆ ಹೋಗುತ್ತೆ. ಮೆಸ್ಕೀಟಿನಲ್ಲಿ ಬಿರುಕಿಗೇ ಬೆಲೆ.

ಕಂಪನಿ ಕೆಲಸಕ್ಕೆ ಫೀನಿಕ್ಸ್‌ಗೆ ಹೋದಾಗ ಅಂಥದೊಂದು ಹಲಗೆ ನೋಡಿದೆ. ಚೆಂದವೇ, ಸುಳ್ಳು ಹೇಳಲ್ಲ. ಫೋಟೋ ಕಳಿಸಿದ್ದಕ್ಕೆ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಜಾಲಿ ಸೀಳಿಗೆ ಅಷ್ಟು ದುಡ್ಡು ಕೊಡೋರಿಗೆ ನೀರು ಎಲ್ಲಿಂದ ಬರುತ್ತಪ್ಪಾ?"

ಅವತ್ತಿಂದ ಈ ಪ್ರಶ್ನೆ ತಲೆಯಲ್ಲಿ ಕೂತಿದೆ. ಬರವನ್ನು ಚೆಂದ ಅನ್ನೋದು ಸರಿಯಾ? ಅನ್ನಬಹುದಾದರೆ ಯಾರು ಅನ್ನಬಹುದು?

ಸುಲಭದ ಉತ್ತರ ಒಂದಿದೆ: ನಲ್ಲಿ ತಿರುಗಿಸಿದರೆ ನೀರು ಬರುವವನಿಗೆ ಮಾತ್ರ ಒಣನೆಲ ಚಿತ್ರವಾಗಿ ಕಾಣುತ್ತೆ. ಇದರಲ್ಲಿ ನಿಜವಿದೆ. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನೆಲದಡಿಯ ಬಂಡೆಯಿಂದಲೇ ಅದು ನೀರಿಗೆ ಇಳಿಯುತ್ತೆ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತೆ. ನಮ್ಮೂರ ಕಲ್ಲೂ ಇನ್ಲೇ ಆಗಿದೆ ನೋಡಿ, ಅದನ್ನು ಯಾರೂ ಗೋಡೆಗೆ ಹಾಕಿಕೊಳ್ಳಲ್ಲ.

ಆದರೆ ಈ ಉತ್ತರವನ್ನು ಪೂರ್ತಿ ಒಪ್ಪೋಕೆ ಮನಸ್ಸು ಬರಲ್ಲ. ಹಾಗೆ ಅಂದರೆ ಕಷ್ಟದಲ್ಲಿ ಬದುಕಿದವರಿಗೆ ಕಣ್ಣೇ ಇರಲಿಲ್ಲ ಅಂದಂಗಾಗುತ್ತೆ. ನಮ್ಮ ತಾತ ನೇಗಿಲಿಗೆ ಮರ ಹುಡುಕುವಾಗ ಕೊರಟಗೆರೆ ಕಡೆಯ ಆಚಾರ್ರನ್ನು ಜೊತೆಗೆ ಕರ್ಕೊಂಡು ಹೊಲದ ಬದುವೆಲ್ಲ ಸುತ್ತುತ್ತಿದ್ದರು. ನೆಟ್ಟಗಿರೋ ಮರ ಅವರಿಗೆ ಬೇಡ. ಬಾಗು ತಾನಾಗೇ ಬಂದಿರುವ ಕರಿಜಾಲಿ ಬೇಕು, ಕಡಿದು ಜೋಡಿಸಿದ ಬಾಗು ನೆಲಕ್ಕೆ ತಡೆಯಲ್ಲ. ಸರಿಯಾದ ಕೊಂಬೆ ಸಿಕ್ಕಿದರೆ ತಾತ ಅದರ ಮೇಲೆ ಕೈಯಾಡಿಸಿ ಸುಮ್ಮನೆ ನಿಲ್ಲೋರು. ಅದು ಬರೀ ಲೆಕ್ಕಾಚಾರ ಅಂತ ನನಗೆ ಅನ್ನಿಸಲ್ಲ.

ಹಾಗಾದರೆ ಜಗಳ ಇರೋದು ಚೆಂದ ಕಂಡದ್ದರಲ್ಲಲ್ಲ, ಕಂಡ ಚೆಂದಕ್ಕೆ ಕಾಸು ಯಾರ ಕೈಗೆ ಹೋಯಿತು ಅನ್ನೋದರಲ್ಲಿ. ತಿರುಮಣಿ ಸುತ್ತ 13,000 ಎಕರೆ ಸೋಲಾರ್ ಪಾರ್ಕ್ ಬಂದಾಗ ನಮ್ಮ ಉರಿಬಿಸಿಲಿಗೂ ಬೆಲೆ ಬಂತು. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ಯಾವ ಕರಾರಿಗೂ ಸಹಿ ಹಾಕಿದವರಲ್ಲ. ಬಿಸಿಲು ಮಾತ್ರ ಅವರ ತಲೆ ಮೇಲೂ ಅಷ್ಟೇ ಬಿದ್ದಿತ್ತು.

ಈಗ ನಮ್ಮೂರ ಆಚಾರ್ರ ಮಗನ ಹತ್ತಿರ ಒಂದು ಜಾಲಿ ಹಲಗೆ ಮಾಡಿಸೋಣ ಅಂತಿದ್ದೀನಿ. ಬಿರುಕಿಗೆ ಹೊಲದ ಬೆಣಚುಕಲ್ಲಿನ ಚೂರು. ಟರ್ಕಾಯ್ಸ್ ಹೊಳಪು ಬರಲ್ಲ, ಬರಬೇಕಾಗೂ ಇಲ್ಲ. ಕೂಲಿ ಎಷ್ಟು ಅಂತ ಕೇಳಿದೆ. "ಇದ್ದಿಲಾದ್ರೆ ಮೂಟೆ ಲೆಕ್ಕ ಗೊತ್ತಣ್ಣ, ಇದಕ್ಕೆ ನೀನೇ ಹೇಳು" ಅಂದ. ಇನ್ನೂ ರೇಟು ಹೇಳಿಲ್ಲ.