ತುಕ್ಕು ತಿಕ್ಕುವ ಮುನ್ನ

ಸೇಡಂ, ಚಿಂಚೋಳಿ ಕಡೆಯ ಹಳೆಯ ವಾಡೆಗಳಲ್ಲಿ ಹಿರಿಯರ ಕತ್ತಿ ಇದ್ದರೆ ದಸರೆಗೆ ಅದು ಹೊರಗೆ ಬರುತ್ತದೆ. ಎಮರಿ ಕಾಗದ ಹಿಡಿದು ಫಳಫಳ ಹೊಳೆಯುವವರೆಗೆ ತಿಕ್ಕುವವರಿದ್ದಾರೆ. ಭಕ್ತಿಯಿಂದಲೇ ಮಾಡುತ್ತಾರೆ, ಆದರೆ ಕೊಳೆಯ ಜೊತೆಗೆ ಕತ್ತಿಯ ವಯಸ್ಸೂ ಉದುರಿಹೋಗುತ್ತದೆ.

ಹಳೆಯ ವಸ್ತುಗಳ ವ್ಯಾಪಾರದಲ್ಲಿ ನಡೆಯುವುದು ಇದರ ತಿರುವುಮುರುವು. ಮೊನ್ನೆ ಮೊನ್ನೆ ಮಾಡಿದ ಅಲಗಿಗೆ ಆಸಿಡ್ ಬಳಿದು ತುಕ್ಕು ಹಿಡಿಸಿ, ‘ನಿಜಾಮರ ಕಾಲದ್ದು’ ಅನ್ನುತ್ತಾರೆ. ಆ ತುಕ್ಕು ಕೆಂಪಗೆ, ಎಲ್ಲ ಕಡೆ ಒಂದೇ ಸಮ ಇರುತ್ತದೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಕಾಲ ಹಿಡಿಸಿದ ತುಕ್ಕು ಕಂದುಗಪ್ಪು, ಸಣ್ಣ ಕುಳಿಗಳೊಳಗೆ ಕಚ್ಚಿಕೊಂಡಿರುತ್ತದೆ.

ಅಲಗಿನ ಬೆನ್ನನ್ನು ಮೇಲಿನಿಂದ ನೋಡಬೇಕು. ಕಮ್ಮಾರ ಬಡಿದು ಮಾಡಿದ ತಲವಾರು ಹಿಡಿಯ ಬಳಿ ದಪ್ಪಗಿದ್ದು ಮೊನೆಯತ್ತ ತೆಳ್ಳಗಾಗುತ್ತ ಹೋಗುತ್ತದೆ. ಉಕ್ಕಿನ ಪಟ್ಟಿಯಿಂದ ಕತ್ತರಿಸಿದ್ದು ಬಹುಮಟ್ಟಿಗೆ ಬುಡದಿಂದ ತುದಿಯವರೆಗೆ ಒಂದೇ ದಪ್ಪ, ಕೈಗೆ ಭಾರ. ಹಳಬರು ಅಲಗಿನ ಬಾಲವನ್ನು ಹಿಡಿಯೊಳಗೆ ಅರಗಿನಿಂದ ಕೂಡಿಸುತ್ತಿದ್ದರು. ಅಲ್ಲಿ ವೆಲ್ಡಿಂಗ್ ಕಂಡರೆ ಅನುಮಾನ ಪಡಿ, ಆದರೆ ಎಸೆಯಬೇಡಿ: ಹಿಡಿ ಹೊಸದಾಗಿದ್ದು ಅಲಗು ಹಳೆಯದಿರಬಹುದು.

ಸೇಡಂ, ಚಿಂಚೋಳಿಗಳಂತೆಯೇ ಹೈದರಾಬಾದ್ ಸಂಸ್ಥಾನದಲ್ಲಿದ್ದ, ಇಂದಿನ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರದಲ್ಲಿ ಮೂಸೆಯಲ್ಲಿ ಕರಗಿಸಿದ ಉಕ್ಕು ತಯಾರಾಗುತ್ತಿತ್ತು. ಪರ್ಷಿಯಾದ ವರ್ತಕರು ಅಲ್ಲಿಗೆ ಬಂದು ಕೊಳ್ಳುತ್ತಿದ್ದರು. ಅಂಥ ಉಕ್ಕಿನ ಮೈಮೇಲಿನ ನೀರಲೆಯಂಥ ಗೆರೆ ಲೋಹದೊಳಗಿನದು. ತಿಕ್ಕಿದರೆ ಮಸುಕಾದೀತು, ಬಲ್ಲವರು ಮತ್ತೆ ಎಬ್ಬಿಸುತ್ತಾರೆ. ಮೇಲೆ ಕೊರೆದ ನಕಲಿ ಗೆರೆ ಒಮ್ಮೆ ಅಳಿಸಿದರೆ ಹೋಯಿತು.

ವಾಡಿ, ಶಹಾಬಾದ, ಚಿತ್ತಾಪುರದ ಸಭೆಗಳಲ್ಲಿ ನಾಯಕರಿಗೆ ಸನ್ಮಾನದ ಖಡ್ಗ ಕೊಟ್ಟರೆ ಅದರಲ್ಲಿ ಮೋಸವಿಲ್ಲ. ನನಗಿರುವ ಆತಂಕ ಮೊಮ್ಮಕ್ಕಳದ್ದು. ಯಾರು, ಯಾವಾಗ ಕೊಟ್ಟರೆಂದು ಬರೆದಿಡದಿದ್ದರೆ ಅದೂ ಒಂದು ದಿನ ‘ವಂಶದ ಕತ್ತಿ’ಯಾಗುತ್ತದೆ.

2023ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಕತ್ತಿ 1.4 ಕೋಟಿ ಪೌಂಡಿಗೆ ಹರಾಜಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಸೇನಾಧಿಕಾರಿ ಡೇವಿಡ್ ಬೇರ್ಡ್ ಕೈಸೇರಿದ್ದಕ್ಕೆ ದಾಖಲೆ ಇತ್ತು. ನಮ್ಮ ವಾಡೆಗಳಲ್ಲಿ ಹೆಚ್ಚಾಗಿ ಇರುವುದು ಹಿರಿಯರ ಬಾಯಿಮಾತು. ಈ ದಸರೆಗೆ ಎಮರಿ ಬಿಟ್ಟು ಮೆತ್ತನೆಯ ಬಟ್ಟೆಗೆ ತುಸು ಎಣ್ಣೆ ಹಚ್ಚಿ ಒರೆಸಿ. ಅಜ್ಜಿ ಹೇಳುವುದನ್ನು, ತಾರೀಕು ಹಾಕಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ.