ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?

ಈ ಗಾದೆಯನ್ನು ಯಾರೂ ತಮಗೆ ತಾವೇ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಬೆಳೆ ಕೈಕೊಟ್ಟವನಿಗೆ ಪಕ್ಕದ ಮನೆಯವನು ಹೇಳುತ್ತಾನೆ. ಗಂಡನನ್ನು ಕಳೆದುಕೊಂಡವಳಿಗೆ ಅಣ್ಣ ಹೇಳುತ್ತಾನೆ. ಕೆಲಸ ಹೋದ ಅಳಿಯನಿಗೆ ಅತ್ತೆ ಹೇಳುತ್ತಾಳೆ. ಕಷ್ಟದಲ್ಲಿದ್ದವರ ಹತ್ತಿರ ಬಂದು ನಿಂತವರ ಮಾತು ಇದು. ಗಾದೆಯ ಅರ್ಥಕ್ಕೆ ಇಳಿಯುವ ಮೊದಲು ಇಷ್ಟನ್ನು ಗಮನಿಸಬೇಕು.

ಇನ್ನೊಂದು, ಇದು ಪ್ರಶ್ನೆ. ದೇವರು ಅನ್ನ ಕೊಟ್ಟೇ ಕೊಡುತ್ತಾನೆಂದು ಗಾದೆ ಭರವಸೆ ಕೊಟ್ಟಿಲ್ಲ, ಕೊಡುವಂತೆಯೂ ಇರಲಿಲ್ಲ. ಹುಲ್ಲು ಮೇಯುವ ಕಾಲವನ್ನು ಈ ನಾಡು ಕಂಡಿದೆ. 1876ರಿಂದ 1878ರ ತನಕದ ಬರದಲ್ಲಿ ಮೈಸೂರು ಸಂಸ್ಥಾನದಲ್ಲೂ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲೂ ಲಕ್ಷಾಂತರ ಜನ ಸತ್ತರು. ಸೊಪ್ಪು, ಗೆಡ್ಡೆ, ಕಾಡುಹುಲ್ಲಿನ ಬೀಜ ತಿಂದು ಜೀವ ಹಿಡಿದುಕೊಂಡವರು ಎಷ್ಟೋ ಮಂದಿ. ಅಂಥ ಬರಗಳನ್ನು ದಾಟಿ ಬಂದ ಜನರ ಬಾಯಲ್ಲಿ ಈ ಮಾತು ಉಳಿದಿದೆ. ಹಾಗಾಗಿ ಇದನ್ನು ಹೊಟ್ಟೆ ತುಂಬಿದವರ ಸಮಾಧಾನವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ‘ಮೇಯಿಸಲೂಬಹುದು’ ಎಂಬ ಉತ್ತರ ಗೊತ್ತಿದ್ದವರೇ ಈ ಪ್ರಶ್ನೆಯನ್ನು ಕೇಳುತ್ತ ಬಂದಿದ್ದಾರೆ.

ಹಾಗಾದರೆ ಕೇಳುವುದು ಯಾಕೆ?

ಮಂಗಳೂರಿನ ಕಂಕನಾಡಿಯಲ್ಲಿ ಆಸ್ಪತ್ರೆಯೊಂದರ ವರಾಂಡದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಸುಳ್ಯ, ಬೆಳ್ತಂಗಡಿ, ಮಡಿಕೇರಿ, ಮೂಡಿಗೆರೆ, ಗಡಿಯಾಚೆಯ ಮಂಜೇಶ್ವರ ಎಲ್ಲ ಕಡೆಯವರೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ, ಮಡಿಲಲ್ಲಿ ಸ್ಕ್ಯಾನಿಂಗಿನ ದೊಡ್ಡ ಲಕೋಟೆ, ಕಾಲ ಬುಡದಲ್ಲಿ ಫ್ಲಾಸ್ಕು. ಐಸಿಯುವಿನಲ್ಲಿ ಮಗುವನ್ನು ಬಿಟ್ಟು ಹೊರಗೆ ಕೂತಿದ್ದ ಹೆಂಗಸೊಬ್ಬಳು ಸದ್ದಿಲ್ಲದೆ ಅಳುತ್ತಿದ್ದಳು. ಪಕ್ಕದಲ್ಲಿದ್ದ ಅಜ್ಜಿಗೆ ಅವಳ ಪರಿಚಯವಿರಲಿಲ್ಲ. “ಎಂತಕ್ಕೆ ಮಗಾ ಕೂಗುವುದು? ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?” ಎಂದು ಹೇಳಿ ಅಜ್ಜಿ ಸುಮ್ಮನಾಗಲಿಲ್ಲ. ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು, ಮುಚ್ಚಳಕ್ಕೆ ಕುಚ್ಚಲಕ್ಕಿ ಗಂಜಿ ಹೊಯ್ದು, ಅಂಚಿಗೊಂದು ಮಾವಿನ ಮಿಡಿ ಇಟ್ಟು, “ಮೊದಲು ಇದನ್ನು ಕುಡಿ” ಎಂದು ಕೈಗೆ ಕೊಟ್ಟಳು. ಗಂಜಿ ಅಜ್ಜನಿಗೆಂದು ತಂದದ್ದು. ಅವನ ಪಾಲು ಅರ್ಧವಾಯಿತು.

ಮಗು ಉಳಿಯುವುದೋ ಇಲ್ಲವೋ ಅಜ್ಜಿಗೆ ಗೊತ್ತಿರಲಿಲ್ಲ, ಡಾಕ್ಟರಿಗೂ ಇನ್ನೂ ಗೊತ್ತಿರಲಿಲ್ಲ. ದೇವರ ಪರವಾಗಿ ಕೇಳಿದ ಪ್ರಶ್ನೆಗೆ ಅವಳು ತನ್ನ ಕೈಯಿಂದ ಉತ್ತರ ಕೊಟ್ಟಳು. ಹುಲ್ಲು ಮೇಯಿಸಲು ನಾನು ಬಿಡುವುದಿಲ್ಲ, ಇವತ್ತಿನ ಮಟ್ಟಿಗಾದರೂ. ಹೇಳಿದವನ ಮೇಲೆ ಹೊಣೆ ಹೊರಿಸುವ ಗಾದೆ ಇದು. ಹೊಣೆ ಹೊರದೆ ಹೇಳುವವರೂ ಇದ್ದಾರೆ, ಅದು ಬೇರೆ ಮಾತು.

ಕಂಕನಾಡಿ ಇಂಥ ಹೊಣೆಯನ್ನು ಹಿಂದೆಯೇ ಹೊತ್ತ ಜಾಗ. ಮಹಾ ಬರ ಮುಗಿದ 1878ರಲ್ಲೇ, ವರ್ಷದ ಕೊನೆಯಲ್ಲಿ, ಮಂಗಳೂರಿಗೆ ಬಂದ ಜೆಸ್ವಿಟ್ ಪಾದ್ರಿಗಳಲ್ಲಿ ಜರ್ಮನಿಯ ಆಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಅವರು ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ತೊಡಗಿದ್ದೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ. ಅದು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಹತ್ತು ವರ್ಷದ ನಂತರ, 1890ರಲ್ಲಿ, ಅವರು ಕುಷ್ಠರೋಗಿಗಳಿಗಾಗಿ ಆರಂಭಿಸಿದ ಆಶ್ರಯಧಾಮ.

ಆಗ ಆ ರೋಗಕ್ಕೆ ಮದ್ದೇ ಇರಲಿಲ್ಲ. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದ್ದರು, ಅಷ್ಟೆ. ಗರುಡಫಲದ ಜಾತಿಯ ಕಾಯಿಗಳ ಎಣ್ಣೆ ಹಚ್ಚುತ್ತಿದ್ದರು. ಅದರಿಂದ ರೋಗ ಬೇರುಸಹಿತ ಹೋಗುತ್ತಿರಲಿಲ್ಲ. ಮನೆಯಿಂದ ಹೊರಬಿದ್ದವರಿಗೆ ಅಲ್ಲಿ ಕೊಡಬಹುದಾಗಿದ್ದದ್ದು ಹುಣ್ಣು ತೊಳೆಯುವ ಕೈ, ಬಟ್ಟೆ, ಊಟ, ಮಲಗಲು ಜಾಗ. ಮುಲ್ಲರ್ 1910ರಲ್ಲಿ ತೀರಿಕೊಂಡರು. ಕುಷ್ಠಕ್ಕೆ ನಾಟುವ ಮೊದಲ ಸಲ್ಫೋನ್ ಔಷಧವನ್ನು ಅಮೆರಿಕದ ಕಾರ್ವಿಲ್‌ನಲ್ಲಿ ಪ್ರಯೋಗಿಸಿದ್ದು 1941ರಲ್ಲಿ. ಹಲವು ಮದ್ದು ಒಟ್ಟಿಗೆ ಕೊಡುವ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ.

1890ಕ್ಕೂ 1941ಕ್ಕೂ ನಡುವಿನ ಆ ಐವತ್ತೊಂದು ವರ್ಷಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ವಾಸಿಯಾಗುತ್ತದೆ ಎಂದು ಯಾರೂ ಯಾರಿಗೂ ಹೇಳುವ ಹಾಗಿರಲಿಲ್ಲ. ಹಾಗೆ ಹೇಳಿದ್ದರೆ ಅದು ಸುಳ್ಳು. ನಾಳೆ ಬೆಳಿಗ್ಗೆಯೂ ಬಟ್ಟೆ ಬದಲಿಸಲು ಒಬ್ಬರು ಬರುತ್ತಾರೆ ಎಂಬಷ್ಟನ್ನು ಹೇಳಬಹುದಿತ್ತು, ಅದನ್ನು ನಡೆಸಿ ತೋರಿಸಬಹುದಿತ್ತು. ಭವಿಷ್ಯ ಮಸುಕಾದಾಗ ಮನುಷ್ಯ ಆತುಕೊಳ್ಳುವುದು ಇಂಥ ಸಣ್ಣ ಖಾತ್ರಿಗಳಿಗೇ ಎಂದು ನನ್ನ ನಂಬಿಕೆ. ದೂರದ ಭರವಸೆ ಆಮೇಲೆ, ಬಂದರೆ ಬರುತ್ತದೆ. ಮದ್ದು ಬಂದ ಕಾಲಕ್ಕೆ ಅದನ್ನು ಕೊಡಲು ಕಂಕನಾಡಿಯಲ್ಲಿ ಒಂದು ಮನೆ ಮೊದಲೇ ನಿಂತಿತ್ತು.

ಕೈ ಹಿಂದೆಗೆದರೆ ಏನಾಗುತ್ತದೆಂಬುದನ್ನೂ ಈ ಊರು ನೋಡಿದೆ. 2020ರ ಮಾರ್ಚಿನಲ್ಲಿ ಕೊರೊನಾ ಭಯಕ್ಕೆ ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿತು, ಗಡಿಯ ಕೆಲವು ರಸ್ತೆಗಳಿಗೆ ಮಣ್ಣು ಸುರಿದರು. ಕಾಸರಗೋಡಿನ ಉತ್ತರ ಭಾಗದವರಿಗೆ ಕಾಯಿಲೆ ಬಂದರೆ ಮಂಗಳೂರೇ ಗತಿ, ತಲೆಮಾರುಗಳಿಂದ. ಅವರಲ್ಲಿ ಕನ್ನಡ, ತುಳು ಮಾತಾಡುವವರು ಬಹಳ. ಆಂಬುಲೆನ್ಸಿನಲ್ಲಿ ಬಂದವರು ಗಡಿಯಿಂದ ವಾಪಸಾದರು. ಇಲ್ಲಿನ ಆಸ್ಪತ್ರೆ ತಲುಪಲಾಗದೆ ಕೆಲವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ಬಿಡಿಸಲು ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಸೋಂಕಿನ ಭಯ ನಿಜವೇ ಇತ್ತು, ಒಪ್ಪುತ್ತೇನೆ. ಆದರೆ ಆ ದಿನಗಳಲ್ಲಿ ಮಣ್ಣಿನ ರಾಶಿಯ ಆಚೆ ನಿಂತು ಕಾಯುತ್ತಿದ್ದವರಿಗೆ ಈ ಗಾದೆ ಹೇಳುವ ಹಕ್ಕು ಈಚೆಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.